ತೆರೆಯ ಆಚೆಗಿನ ಬಲಿಪೀಠ: ಬ್ರಹ್ಮಾವರದ ಸಿರಿಯನ್ ಇಗರ್ಜಿ

ಚಿಕ್ಕಬಳ್ಳಾಪುರದವರಿಗೆ ಲಂಡನ್ ಮಿಷನ್ನಿನ ಹೆಸರು, ಅದರ ಪರಂಪರೆಯ ಸಿ.ಎಸ್.ಐ. ಸಭೆ ಹೊಸತಲ್ಲ. ಈ ಬಗೆಯ ಪ್ರಾಟೆಸ್ಟೆಂಟ್ ದೇವಾಲಯದ ಗೋಡೆಗಳಲ್ಲಿ ಚಿತ್ರ, ಮೂರ್ತಿ ವಿರಳ. ಅಲ್ಲಿ ಬೈಬಲ್ ಮತ್ತು ಬೋಧನೆಯೇ ಮುಖ್ಯ. ಕ್ಯಾಥೊಲಿಕ್ ಚರ್ಚಿನಲ್ಲಿ ಮಾತೆ ಮರಿಯಮ್ಮನ, ಸಂತರ ಪ್ರತಿಮೆಗಳು ಕಾಣುತ್ತವೆ. ಈ ಎರಡಕ್ಕೂ ಸೇರದ ಪರಂಪರೆ ಆರ್ಥೊಡಾಕ್ಸ್ ಸಭೆಯದು. ನಮ್ಮ ನಾಡಿನಲ್ಲೇ ಬೇರುಬಿಟ್ಟ ಅದರ ಶಾಖೆಯನ್ನು ನೋಡಬೇಕೆಂದರೆ ಉಡುಪಿ ಜಿಲ್ಲೆಯ ಬ್ರಹ್ಮಾವರಕ್ಕೆ, ಅಲ್ಲಿನ ಸಂತ ಮೇರಿ ಆರ್ಥೊಡಾಕ್ಸ್ ಸಿರಿಯನ್ ಕೆಥೆಡ್ರಲ್‌ಗೆ ಹೋಗಬೇಕು.

ಕರಾವಳಿಯ ಕೊಂಕಣಿ ಕ್ರೈಸ್ತರು ಬಹುಕಾಲ ಗೋವೆಯ ಆರ್ಚ್‌ಬಿಷಪ್ಪರ ಕೈಕೆಳಗಿದ್ದವರು. 1878ರ ಕೊನೆಗೆ ಮಂಗಳೂರಿನ ಧಾರ್ಮಿಕ ಆಡಳಿತ ಇಟಲಿಯ ಜೆಸ್ವಿತ್ ಪಾದ್ರಿಗಳಿಗೆ ಬಂತು. 1886ರಲ್ಲಿ ಪೋಪರಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಗಿ, ಗೋವೆಗೆ ಸೇರಿದ್ದ ಉಳಿದ ಇಗರ್ಜಿಗಳೂ ಮಂಗಳೂರಿನ ಪಾಲಾಗುವಂತಾಯಿತು. ಹಲವರಿಗೆ ಇದು ಸಹಿಸಲಾಗದ ಮಾತು. ಗೋವೆಯ ಪಾದ್ರಿ ಆಲ್ವಾರಿಸ್ ರೋಮಿನ ನಂಟನ್ನೇ ಕಡಿದುಕೊಂಡು ಕೇರಳದ ಕೊಟ್ಟಾಯಂಗೆ, ಅಲ್ಲಿನ ಸಿರಿಯನ್ ಆರ್ಥೊಡಾಕ್ಸ್ ಸಭೆಯ ಬಳಿಗೆ ಹೋದರು. 1889ರ ಜುಲೈಯಲ್ಲಿ ಅಲ್ಲಿನ ಹಳೆಯ ಸೆಮಿನರಿಯಲ್ಲಿ ಬಿಷಪ್ ಪದವಿ ಪಡೆದು ಆಲ್ವಾರಿಸ್ ಮಾರ್ ಜೂಲಿಯಸ್ ಆದರು. ಅದೇ ದಾರಿ ಹಿಡಿದ ಬ್ರಹ್ಮಾವರದ ಜನರನ್ನು ಮುನ್ನಡೆಸಿದವರು ಪಾದ್ರಿ ರೋಕ್ ಝೆಫ್ರಿನ್ ನೊರೊನ್ಹಾ. ಮಾರ್ ಜೂಲಿಯಸ್ 1923ರಲ್ಲಿ, ನೊರೊನ್ಹಾ 1936ರಲ್ಲಿ ತೀರಿಕೊಂಡರು.

ಹೀಗೆ ಮನೆಮಾತು ಕೊಂಕಣಿ, ಮನೆತನದ ಹೆಸರು ಪೋರ್ಚುಗೀಸ್, ಸಭೆ ಅಂತಿಯೋಕ್ಯದ ಸಿರಿಯನ್ ಪರಂಪರೆಯದು ಎಂಬ ಅಪರೂಪದ ಸಮುದಾಯವೊಂದು ರೂಪುಗೊಂಡಿತು. 2010ರಲ್ಲಿ ಬ್ರಹ್ಮಾವರವೇ ಒಂದು ಧರ್ಮಪ್ರಾಂತವಾಯಿತು.

ಸಿರಿಯನ್ ಪದ್ಧತಿಯಲ್ಲಿ ಕಲೆ ಇರುವುದು ಪೂಜೆಯ ನಡೆಯಲ್ಲಿ. ಬಲಿಪೀಠ ಪೂರ್ವಕ್ಕಿರುತ್ತದೆ, ಅದರ ಮುಂದೆ ತೆರೆ. ಕುರ್ಬಾನದ, ಅಂದರೆ ರೊಟ್ಟಿ-ದ್ರಾಕ್ಷಾರಸ ಅರ್ಪಿಸುವ ಪೂಜೆಯ, ಸಿದ್ಧತೆ ತೆರೆಯ ಹಿಂದೆ ನಡೆಯುತ್ತದೆ. ಆಮೇಲೆ ತೆರೆ ಸರಿದಾಗ ಭಕ್ತರಿಗೆ ಬಲಿಪೀಠ ಕಾಣುತ್ತದೆ. ಸುತ್ತ ಪುಟ್ಟ ಗಂಟೆಗಳಿರುವ ಲೋಹದ ಬಿಲ್ಲೆಗಳನ್ನು ಕೋಲಿಗೆ ಸಿಕ್ಕಿಸಿ, ಪವಿತ್ರ ಗಳಿಗೆಗಳಲ್ಲಿ ಅಲುಗಿಸುತ್ತಾರೆ. ಅದು ದೇವದೂತರ ರೆಕ್ಕೆಯ ಸದ್ದು ಎಂಬ ಭಾವನೆ. ಧೂಪ, ಹಾಡು, ಕಸೂತಿಯ ನಿಲುವಂಗಿ ಎಲ್ಲ ಸೇರಿ ಒಂದೇ ಕೃತಿಯಾಗುತ್ತವೆ. ನಮ್ಮ ಗರ್ಭಗುಡಿಯ ಮುಂದಿನ ಪರದೆಯನ್ನು ಬಲ್ಲವರಿಗೆ ಈ ತೆರೆಯ ಭಾವ ತಟ್ಟನೆ ತಿಳಿಯುತ್ತದೆ.

ಬ್ರಹ್ಮಾವರದ ಸಭೆ ಬೇರೂರುತ್ತಿದ್ದ ಕಾಲದಲ್ಲೇ ಮಂಗಳೂರಿನ ಜೆಸ್ವಿತರು ಹಿಡಿದದ್ದು ಬೇರೆ ದಾರಿ. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಅವರು ಇಟಲಿಯ ಚಿತ್ರಕಾರ ಆಂಟೋನಿಯೊ ಮೊಸ್ಕೇನಿಯನ್ನು ಕರೆಸಿದರು. 1899ರಿಂದ 1901ರವರೆಗೆ ಮೊಸ್ಕೇನಿ ಗೋಡೆ, ಮಾಡುಗಳನ್ನು ಚಿತ್ರಗಳಿಂದ ತುಂಬಿದರು. ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚಿದರೆ, ಸುಣ್ಣ ಗಾಳಿಯಲ್ಲಿ ಗಟ್ಟಿಯಾಗುವಾಗ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಗೋಡೆಚಿತ್ರಗಳು ಆ ಬಗೆಯವು; ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದವೂ ಇವೆ. ಕರಾವಳಿಯ ತೇವಕ್ಕೆ ಅವು ಹಾಳಾಗತೊಡಗಿದಾಗ 1990ರ ದಶಕದ ಮೊದಲಲ್ಲಿ ದುರಸ್ತಿ ನಡೆಯಿತು.

ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಬಹುದು. ಮಂಗಳೂರಿನ ಚಿತ್ರಗಳನ್ನು ಪೂಜೆಯಿಲ್ಲದ ಹೊತ್ತಿನಲ್ಲಿ, ಬಿಡುವಾಗಿ ನೋಡಿ. ಬ್ರಹ್ಮಾವರಕ್ಕೆ ಮಾತ್ರ ಭಾನುವಾರ ಬೆಳಗ್ಗೆಯೇ ಹೋಗಿ, ಹಿಂದಿನ ಸಾಲಿನಲ್ಲಿ ಸುಮ್ಮನೆ ನಿಂತು, ಕುರ್ಬಾನ ಮುಗಿಯುವವರೆಗೂ ಇರಿ.