ಮಾನವಕೇಂದ್ರಿತ ಕೈಗಾರಿಕೆಯೂ ಕುದೂರಿನ ನವೋದ್ಯಮಿಯೂ

ಯಂತ್ರಗಳನ್ನು ಗಣಕಜಾಲಕ್ಕೆ ಜೋಡಿಸುವ ‘ಇಂಡಸ್ಟ್ರಿ 4.0’ ಪರಿಕಲ್ಪನೆಯು 2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಮಂಡಿತವಾಯಿತು. ಹತ್ತು ವರ್ಷಗಳ ತರುವಾಯ, 2021ರ ಜನವರಿಯಲ್ಲಿ, ಯುರೋಪಿಯನ್ ಆಯೋಗವು ‘ಇಂಡಸ್ಟ್ರಿ 5.0’ ಕುರಿತ ದಾಖಲೆಯನ್ನು ಹೊರತಂದು, ತಂತ್ರಜ್ಞಾನವೇ ದುಡಿಯುವವನಿಗೆ ಹೊಂದಿಕೊಳ್ಳಬೇಕೆಂಬ ನಿಲುವನ್ನು ಮುಂದಿಟ್ಟಿತು. ಇದು ಬೃಹತ್ ಕಾರ್ಖಾನೆಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಬದಿಗಿಡುವಂತಿಲ್ಲ. ರಾಮನಗರದ ಗೂಡು ಮಾರುಕಟ್ಟೆಯನ್ನು ನೆಚ್ಚಿದ ಮಾಗಡಿ ಸೀಮೆಯ ಕುದೂರಿನಂಥ ಊರಿನಿಂದ ಉದ್ಯಮ ಆರಂಭಿಸಬಯಸುವ ಯುವಕನಿಗೆ ಇದು ನೇರವಾಗಿ ಅನ್ವಯಿಸುತ್ತದೆ.

ರೇಷ್ಮೆಹುಳುವಿನ ಚಾಕಿ ಹಂತಕ್ಕೆ 26ರಿಂದ 28 ಡಿಗ್ರಿ ಉಷ್ಣತೆ, ಶೇ. 80ಕ್ಕೂ ಮೇಲ್ಪಟ್ಟ ಆರ್ದ್ರತೆ ಬೇಕು. ಬಲಿತ ಹುಳುವಿಗೆ 24–25 ಡಿಗ್ರಿ, ಶೇ. 70 ಸಾಕು. ರಾತ್ರಿ ಎದ್ದು ಇದನ್ನು ನೋಡಿಕೊಳ್ಳುವವರು ಹೆಚ್ಚಾಗಿ ಮನೆಯ ಹೆಂಗಸರು. ಅವರ ನಿದ್ರೆ ಉಳಿಸಿ, ಕಿಟಕಿ ತೆರೆಯುವ ತೀರ್ಮಾನವನ್ನು ಮಾತ್ರ ಅವರಿಗೇ ಬಿಡುವ ಸಂವೇದಕ ಸಾಧನವು ಮಾನವಕೇಂದ್ರಿತವೆನಿಸುತ್ತದೆ. ನೂಲು ಬಿಚ್ಚಾಣಿಕೆಯಲ್ಲಿಯೂ ಇದೇ ಸ್ಥಿತಿ. ಚರಕ ಮತ್ತು ಕಾಟೇಜ್ ಬೇಸಿನ್‌ಗಳಲ್ಲಿ ಕಾರ್ಮಿಕರ ಕೈ ದಿನವಿಡೀ ಬಿಸಿನೀರಿನಲ್ಲಿರುತ್ತದೆ. ಸ್ವಯಂಚಾಲಿತ ಯಂತ್ರವು ಕೈಯನ್ನು ಕಾಪಾಡುತ್ತದಾದರೂ ಅದಕ್ಕೆ ದೊಡ್ಡ ಬಂಡವಾಳವೂ ಏಕರೂಪದ ದ್ವಿತಳಿ ಗೂಡೂ ಬೇಕು. ಇವೆರಡರ ನಡುವಿನ ಅಂತರದಲ್ಲಿ, ಅಂದರೆ ನೀರಿನ ಶಾಖ ನಿಯಂತ್ರಕ, ಆವಿ ಹೊರಹಾಕುವ ವ್ಯವಸ್ಥೆಗಳಂಥ ಅಗ್ಗದ ಸಾಧನಗಳಲ್ಲಿ, ಸಣ್ಣ ತಯಾರಕನಿಗೆ ಎಡೆಯಿದೆ.

ಆದರೆ ಇಂಥ ನವೋದ್ಯಮಿಯನ್ನು ಸೆಳೆಯುವುದು ಸಾಧನಕ್ಕಿಂತ ಗೂಡಿನ ವ್ಯಾಪಾರ. ಅಪಾಯವಿರುವುದೂ ಅಲ್ಲಿಯೇ. ರೀಲರ್ ಒಬ್ಬರು ದಿನಕ್ಕೆ 100 ಕಿಲೋ ಗೂಡನ್ನು ಕಿಲೋಗೆ 600 ರೂ.ನಂತೆ ಕೊಳ್ಳುತ್ತಾರೆಂದೂ, ನೂಲಿನ ಹಣ 20 ದಿನಕ್ಕೆ ಮರಳುತ್ತದೆಂದೂ ಉದಾಹರಣೆಗಾಗಿ ಇಟ್ಟುಕೊಳ್ಳಬಹುದು. ಆಗ 12 ಲಕ್ಷ ರೂ. ಸದಾ ಸಿಲುಕಿರುತ್ತದೆ, ಶೇ. 12ರಂತೆ ವಾರ್ಷಿಕ ಬಡ್ಡಿಯೇ 1,44,000 ರೂ. ಐವತ್ತು ರೀಲರುಗಳ ಪರವಾಗಿ ಈ ಹೊರೆ ಹೊರುವ ಸಂಸ್ಥೆಗೆ 6 ಕೋಟಿ ರೂ. ದುಡಿಯುವ ಬಂಡವಾಳ ಬೇಕು. ಅದೇ ಐವತ್ತು ಮಂದಿಗೆ ತಲಾ 15,000 ರೂ. ವೆಚ್ಚದ ಸಾಧನ ತಯಾರಿಸಲು ಏಳೂವರೆ ಲಕ್ಷ ಸಾಕು. ರೇಷ್ಮೆ ವಹಿವಾಟನ್ನು ಆ್ಯಪ್ ಮೂಲಕ ಜೋಡಿಸಲು 2020ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರೇಶಾಮಂಡಿ ಸಂಸ್ಥೆಯು ಮರುವರ್ಷವೇ 3 ಕೋಟಿ ಡಾಲರ್ ಬಂಡವಾಳ ಪಡೆಯಿತು. 2023ರ ವೇಳೆಗೆ ಹಣದ ಮುಗ್ಗಟ್ಟಿಗೆ ಸಿಲುಕಿ ನೌಕರರನ್ನು ಕಡಿತಗೊಳಿಸಿತು. ಇದಕ್ಕೆ ಒಂದೇ ಕಾರಣವನ್ನು ಹೇಳುವುದು ಸರಿಯಲ್ಲ. ಆದರೂ ಕೋಟಿಗಳ ಬೆಂಬಲವಿದ್ದವರಿಗೇ ಹೀಗಾದ ಮೇಲೆ, ಜಮೀನು ಅಡವಿಟ್ಟು ಹೊರಡುವವನು ಎರಡು ಬಾರಿ ಯೋಚಿಸುವುದು ಲೇಸು.

ನೋಂದಣಿಯ ವಿಷಯದಲ್ಲಿ ಎರಡು ಅಂಶಗಳು ಗಮನಾರ್ಹ. ‘ಸ್ಟಾರ್ಟ್‌ಅಪ್ ಇಂಡಿಯಾ’ ಮಾನ್ಯತೆಯು ಏಕವ್ಯಕ್ತಿ ಮಾಲೀಕತ್ವದ ಅಂಗಡಿಗೆ ದೊರೆಯದು. ಪ್ರೈವೇಟ್ ಲಿಮಿಟೆಡ್ ಕಂಪನಿ, ಎಲ್‌ಎಲ್‌ಪಿ ಅಥವಾ ನೋಂದಾಯಿತ ಪಾಲುದಾರಿಕೆಯಂಥ ಸಂಸ್ಥೆ ಇರಬೇಕು. ತಂದೆಯ ಹಳೆಯ ವ್ಯಾಪಾರವನ್ನು ಒಡೆದು ಹೊಸ ಹೆಸರಿಟ್ಟರೂ ಸಲ್ಲದು.

ಎರಡನೆಯದು ಬಾಕಿ ವಸೂಲಿ. 2006ರ ಎಂಎಸ್‌ಎಂಇ ಕಾಯಿದೆಯ ಪ್ರಕಾರ, ಉದ್ಯಮ್ ನೋಂದಣಿಯುಳ್ಳ ಕಿರು ಹಾಗೂ ಸಣ್ಣ ತಯಾರಕರಿಗೆ ಮತ್ತು ಸೇವಾದಾರರಿಗೆ ಲಿಖಿತ ಒಪ್ಪಂದವಿದ್ದಲ್ಲಿ ಗರಿಷ್ಠ 45 ದಿನದೊಳಗೆ, ಇಲ್ಲದಿದ್ದಲ್ಲಿ 15 ದಿನದೊಳಗೆ ಹಣ ಸಂದಾಯವಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಬರಿಯ ವರ್ತಕನಿಗೆ ಉದ್ಯಮ್ ನೋಂದಣಿ ದೊರೆತರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಈ ರಕ್ಷಣೆ ಅವನಿಗಿಲ್ಲ. ಸಾಧನ ತಯಾರಿಸಿ ಮಾರುವುದೇ, ಗೂಡು ಕೊಂಡು ಮಾರುವುದೇ ಎಂಬುದನ್ನು ಅರ್ಜಿ ತುಂಬುವ ಮೊದಲೇ ನಿರ್ಧರಿಸತಕ್ಕದ್ದು.