ಮಗುವಿನ ಸಕ್ಕರೆ ಕಾಯಿಲೆಯನ್ನು ಶಾಲೆಯಿಂದ ಮುಚ್ಚಿಡಬೇಡಿ

ಕಾಮಾಕ್ಷಿಪಾಳ್ಯದ ನನ್ನ ದವಾಖಾನೆಗೆ ಒಬ್ಬ ತಾಯಿ ಏಳನೇ ತರಗತಿಯ ಮಗಳನ್ನು ಕರೆತಂದಿದ್ದರು. ಹಿಂದಿನ ದಿನ ಆಟದ ಪೀರಿಯಡ್‌ನಲ್ಲಿ ಆಕೆ ಬೆವರಿ, ನಡುಗಿ ಕುಸಿದಿದ್ದಳು. ತಿಂಡಿ ತಿಂದಿಲ್ಲವೇನೋ ಎಂದು ಟೀಚರ್ ಬರೀ ನೀರು ಕುಡಿಸಿದ್ದರು. ಆಕೆ ದಿನಾ ಇನ್ಸುಲಿನ್ ತೆಗೆದುಕೊಳ್ಳುವ ವಿಷಯ ಶಾಲೆಗೆ ಗೊತ್ತೇ ಇರಲಿಲ್ಲ.

"ಹೇಳಿದರೆ ನಾಳೆ ಮದುವೆಗೆ ತೊಂದರೆ, ಹಕೀಮ್ ಸಾಹೇಬ್. ಸೂಜಿ ಬಿಡಿಸುವ ಸಫೂಫ್ ಏನಾದರೂ ಕೊಡಿ" ಎಂದರು ತಾಯಿ.

ಅಂಥದ್ದು ಇಲ್ಲ ಎಂದೆ. ಓದುಗರೇ, ನಿಮಗೂ ಅದನ್ನೇ ಹೇಳುತ್ತೇನೆ. ಯುನಾನಿ ಗ್ರಂಥಗಳು ಸಕ್ಕರೆ ಕಾಯಿಲೆಯನ್ನು ಝಿಯಾಬೀತಸ್ ಎಂದು ವಿವರಿಸಿವೆ. ಆದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1ರಲ್ಲಿ ದೇಹ ಇನ್ಸುಲಿನ್ ತಯಾರಿಸುವುದನ್ನೇ ಬಹುಮಟ್ಟಿಗೆ ನಿಲ್ಲಿಸಿರುತ್ತದೆ. ಅದನ್ನು ಹೊರಗಿನಿಂದ ಕೊಡಲೇಬೇಕು. 1922ರಲ್ಲಿ ಕೆನಡಾದ ಟೊರೊಂಟೊದಲ್ಲಿ ಮೊದಲು ಇನ್ಸುಲಿನ್ ಚಿಕಿತ್ಸೆ ಪಡೆದವನು 14 ವರ್ಷದ ಹುಡುಗ. ಅದಕ್ಕೆ ಮುಂಚೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಯಾವ ಚೂರ್ಣ, ಕಷಾಯವನ್ನು ನಂಬಿಯೂ ಸೂಜಿ ನಿಲ್ಲಿಸಬೇಡಿ.

ಮೊದಲು ಮುಖ್ಯೋಪಾಧ್ಯಾಯರಿಗೂ ತರಗತಿಯ ಟೀಚರಿಗೂ ವೈದ್ಯರ ಚೀಟಿಯೊಂದಿಗೆ ವಿಷಯ ತಿಳಿಸಿ. ಮಗುವಿನ ಬ್ಯಾಗಿನಲ್ಲಿ ಗ್ಲುಕೋಮೀಟರ್, ಇನ್ಸುಲಿನ್, ಗ್ಲೂಕೋಸ್ ಪುಡಿ, ಬಿಸ್ಕತ್ತು, ನಿಮ್ಮ ಫೋನ್ ನಂಬರ್ ಇರಲಿ. ಇನ್ಸುಲಿನ್ ಬಿಸಿಲಿಗೆ ಬೀಳದಿರಲಿ. ಆಟಕ್ಕೆ ಮುಂಚೆ ಸಕ್ಕರೆ ಪರೀಕ್ಷಿಸಿಕೊಳ್ಳಲು ಮಗುವಿಗೆ ಕಲಿಸಿ.

ನಡುಕ, ಬೆವರು, ವಿಪರೀತ ಹಸಿವು, ಗೊಂದಲ ಕಂಡರೆ, ಅಥವಾ ಸಕ್ಕರೆ 70ಕ್ಕಿಂತ ಕಡಿಮೆ ಬಂದರೆ, ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕರಗಿಸಿ ಕುಡಿಸಬೇಕು. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಮಗುವನ್ನು ಒಂಟಿಯಾಗಿ ಎಲ್ಲಿಗೂ ಕಳಿಸಬಾರದು. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಸಕ್ಕರೆ ಹೆಚ್ಚಾದಾಗ ಬಾಯಾರಿಕೆ, ಪದೇ ಪದೇ ಮೂತ್ರ ಬರುತ್ತದೆ. ಆಗ ನೀರು ಕುಡಿಯಲು, ಹೊರಗೆ ಹೋಗಲು ಟೀಚರ್ ಬಿಡಬೇಕು. ಜೊತೆಗೆ ವಾಂತಿ, ಹೊಟ್ಟೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಟೈಪ್ 1 ಇರುವ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ತಿನಿಸು, ನೀರು ಒಯ್ಯಲು ಸಿಬಿಎಸ್‌ಇ 2017ರಲ್ಲೇ ಅನುಮತಿ ನೀಡಿದೆ. ಎಸ್‌ಎಸ್‌ಎಲ್‌ಸಿ ಮಕ್ಕಳ ಪೋಷಕರು ಮುಂಚಿತವಾಗಿಯೇ ಮುಖ್ಯೋಪಾಧ್ಯಾಯರನ್ನು ಕೇಳಿ. ನಮ್ಮ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವ, ಇಎಸ್‌ಐ ಕಾರ್ಡ್ ಇರುವ ತಂದೆಯಂದಿರು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ವಿಚಾರಿಸಿ.

ರಮಝಾನ್‌ನಲ್ಲಿ ಮಗು ಉಪವಾಸಕ್ಕೆ ಹಟ ಹಿಡಿಯಬಹುದು. ಕಾಯಿಲೆಯವರಿಗೆ ಅಲ್ಲಾಹನು ರಿಯಾಯಿತಿ ಕೊಟ್ಟಿದ್ದಾನೆ ಎಂದು ಪ್ರೀತಿಯಿಂದ ತಿಳಿಹೇಳಿ.

ಆ ತಾಯಿಗೆ ಕೊನೆಯಲ್ಲಿ ಒಂದು ಮಾತು ಹೇಳಿದೆ: "ಮದುವೆಯ ಮಾತು ಬರುವುದು ಹತ್ತು ವರ್ಷದ ಮೇಲೆ, ಅಮ್ಮಾ. ಆಟದ ಪೀರಿಯಡ್ ನಾಳೆಯೇ ಇದೆ." ಮರುದಿನ ಅವರು ಶಾಲೆಗೆ ಹೋಗಿ ತಿಳಿಸಿದರು. ಈಗ ಟೀಚರ ಮೇಜಿನ ಡ್ರಾಯರಿನಲ್ಲೂ ಒಂದು ಗ್ಲೂಕೋಸ್ ಪೊಟ್ಟಣ ಇದೆ. ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತು. ನಾಚಿಕೆಗಾಗಿ ಅವರ ಜೀವವನ್ನು ಪಣಕ್ಕಿಡುವುದು ಬೇಡ.