ಜಾಝ್ ಸಂಗೀತಕ್ಕೂ ಶಾಸ್ತ್ರೀಯ ಸಂಗೀತಕ್ಕೂ ನಡುವಣ ಎಲ್ಲೆ



ಪಾಶ್ಚಾತ್ಯ ಸಂಗೀತದಲ್ಲಿ ಅಭಿರುಚಿಯುಳ್ಳ ನಮ್ಮ ವಿದ್ಯಾವಂತರಲ್ಲಿ ಒಂದು ಅಭಿಪ್ರಾಯವು ಬಲವಾಗಿ ಬೇರೂರಿದೆ. ಬಾಖ್, ಮೋಟ್ಸಾರ್ಟ್, ಬೀಥೋವನ್ ಮೊದಲಾದವರದು ಶಾಸ್ತ್ರೀಯ ಸಂಗೀತ. ಅದು ಬರೆದಿಟ್ಟದ್ದು, ಬರೆದಂತೆಯೇ ನುಡಿಸತಕ್ಕದ್ದು. ಜಾಝ್ ಎಂಬುದು ಅಮೆರಿಕೆಯ ಕರಿಯ ಜನರಲ್ಲಿ ಹುಟ್ಟಿ ನೃತ್ಯಶಾಲೆಗಳಲ್ಲಿ ಬೆಳೆದದ್ದು. ಅದರಲ್ಲಿ ವಾದಕನು ತನ್ನ ಮನಸ್ಸಿಗೆ ತೋರಿದಂತೆ ನುಡಿಸುತ್ತಾನೆ. ಈ ವಿಭಾಗವು ನೆನಪಿಡುವುದಕ್ಕೆ ಬಹಳ ಸುಲಭ. ಆದರೆ ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಸುಲಭವಾದ ವಿಭಾಗಗಳನ್ನು ಕಂಡರೆ ಸ್ವಲ್ಪ ಸಂದೇಹ. ಉತ್ತರಪತ್ರಿಕೆಗಳಲ್ಲಿ ಅವುಗಳನ್ನು ನೋಡಿ ನೋಡಿ ಬಂದ ಸಂದೇಹವಿದು.

ಮೊದಲು ಬರವಣಿಗೆಯ ಮಾತನ್ನೇ ತೆಗೆದುಕೊಳ್ಳೋಣ. ಮೋಟ್ಸಾರ್ಟನು 1788ರಲ್ಲಿ ರಚಿಸಿದ, 'ಪಟ್ಟಾಭಿಷೇಕ'ದ ಹೆಸರಿನಿಂದ ಪ್ರಸಿದ್ಧವಾಗಿರುವ ಪಿಯಾನೋ ಕನ್ಚೆರ್ಟೋವಿನ ಹಸ್ತಪ್ರತಿಯಲ್ಲಿ ಎಡಗೈ ನುಡಿಸಬೇಕಾದ ಭಾಗವು ಬಹುಪಾಲು ಬರಿದಾಗಿದೆ. ನುಡಿಸುವವನು ತಾನೇ ಆಗಿರುವಾಗ ಬರೆಯುವ ಶ್ರಮವೇಕೆ ಎಂದು ಬಿಟ್ಟಿರಬೇಕು. ನಾವು ಈಗ ಸಾಮಾನ್ಯವಾಗಿ ಕೇಳುವ ಎಡಗೈಯ ಭಾಗವು ಅವನು ಗತಿಸಿದ ಮೇಲೆ ಮುದ್ರಣಕ್ಕಾಗಿ ತುಂಬಿದ್ದು. ಆ ಕಾಲದ ಕನ್ಚೆರ್ಟೋಗಳಲ್ಲಿ ವಾದ್ಯವೃಂದವೆಲ್ಲ ಮೌನವಾಗಿ, ಪ್ರಧಾನ ವಾದಕನೊಬ್ಬನೇ ತನ್ನ ಕಲ್ಪನೆಯನ್ನು ಮೆರೆಸುವುದಕ್ಕೆ ಕಡೆಂಜಾ ಎಂಬ ಒಂದು ಎಡೆಯೂ ಇರುತ್ತಿತ್ತು. ಬೀಥೋವನ್ನನು 1809ರಲ್ಲಿ ಬರೆದ ತನ್ನ ಐದನೆಯ ಪಿಯಾನೋ ಕನ್ಚೆರ್ಟೋವಿನಲ್ಲಿ, ಇಲ್ಲಿ ಕಡೆಂಜಾ ಬೇಡ, ಮುಂದಿರುವುದನ್ನೇ ನುಡಿಸತಕ್ಕದ್ದು ಎಂಬರ್ಥದ ಸೂಚನೆಯನ್ನಿಟ್ಟನು. ಅಲ್ಲಿಂದ ಮುಂದಕ್ಕೆ ಕಾಗದದ ಅಧಿಕಾರವು ಬೆಳೆಯುತ್ತ, ವಾದಕನ ಸ್ವಾತಂತ್ರ್ಯವು ಕುಗ್ಗುತ್ತ ಹೋಯಿತು. ಆದುದರಿಂದ, ಬರೆದಂತೆಯೇ ನುಡಿಸುವುದು ಶಾಸ್ತ್ರೀಯ ಸಂಗೀತದ ಜನ್ಮಸ್ವಭಾವವಲ್ಲ. ನಡುವೆ ಬಂದ ಅಭ್ಯಾಸ.

ಹಾಗಾದರೆ ಎಲ್ಲೆಯೇ ಇಲ್ಲವೆ? ಇದೆ. ಅದನ್ನು ಚೆನ್ನಾಗಿ ತೋರಿಸಿಕೊಡುವ ಒಂದು ಪ್ರಸಂಗವುಂಟು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರಷ್ಯದ ಸ್ಟ್ರಾವಿನ್‌ಸ್ಕಿಯು ಸ್ವಿಟ್ಜರ್ಲೆಂಡಿನಲ್ಲಿದ್ದನು. ಅವನ ಮಿತ್ರನೂ ವಾದ್ಯವೃಂದದ ನಾಯಕನೂ ಆದ ಅರ್ನೆಸ್ಟ್ ಅನ್ಸರ್ಮೆಯು ಅಮೆರಿಕೆಯಿಂದ ಹಿಂತಿರುಗುವಾಗ ಜಾಝಿನ ಹಿರಿಯ ಬಂಧುವಾದ ರ್‍ಯಾಗ್‌ಟೈಮಿನ ಸ್ವರಲಿಪಿಯ ಕಟ್ಟೊಂದನ್ನು ತಂದುಕೊಟ್ಟನು. ಸ್ಟ್ರಾವಿನ್‌ಸ್ಕಿಯು ಅದನ್ನು ಓದಿ, 1918ರಲ್ಲಿ ಹನ್ನೊಂದು ವಾದ್ಯಗಳಿಗಾಗಿ 'ರ್‍ಯಾಗ್‌ಟೈಮ್' ಎಂಬ ಕೃತಿಯನ್ನು ರಚಿಸಿದನು. ಚತುರವಾದ ಕೃತಿಯೇ ಸರಿ. ಆದರೆ ಅದು ಕಿವಿಯಿಂದ ಬಂದದ್ದಲ್ಲ, ಕಣ್ಣಿನಿಂದ ಬಂದದ್ದು. ಮರುವರ್ಷ ಅನ್ಸರ್ಮೆಯು ವಿಲ್ ಮೇರಿಯನ್ ಕುಕ್ಕನ ಮೇಳದ ವಾದನವನ್ನು ಕೇಳಿದನು. ನ್ಯೂ ಆರ್ಲಿಯನ್ಸಿನ ಸಿಡ್ನಿ ಬೆಷೆ ಎಂಬ ತರುಣನು ಆ ಮೇಳದಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದನು. ಸ್ವರಲಿಪಿಯನ್ನು ಓದಲಾರದ ಆ ತರುಣನ ವಾದನದ ಮುಕ್ತಾಯವನ್ನು ಅನ್ಸರ್ಮೆಯು ಬಾಖನ ರಚನೆಯೊಂದಕ್ಕೆ ಹೋಲಿಸಿ, ನಾಳಿನ ಸಂಗೀತದ ಹೆದ್ದಾರಿಯು ಇದೇ ಆಗಬಹುದೆಂದು ಲೇಖನವನ್ನೇ ಬರೆದನು. ಕಾಗದದ ಕಟ್ಟನ್ನು ಹೊತ್ತು ತಂದವನೇ, ಕಾಗದದಲ್ಲಿ ಸಿಕ್ಕದೆ ಉಳಿದುದನ್ನೂ ಕಂಡನು!

ಸಿಕ್ಕದೆ ಉಳಿದುದು ಏನು? ಸ್ವರಲಿಪಿಯಲ್ಲಿ ಸಮಕಾಲದವೆಂದು ಬರೆದ ಎರಡು ಸ್ವರಗಳನ್ನು ಜಾಝ್ ವಾದಕನು ಸಮವಾಗಿ ನುಡಿಸುವುದಿಲ್ಲ. ಮೊದಲನೆಯದು ಸ್ವಲ್ಪ ಹಿಗ್ಗುತ್ತದೆ, ಎರಡನೆಯದು ಕುಗ್ಗುತ್ತದೆ. ಎಷ್ಟು ಎಂಬುದು ಗತಿಯನ್ನೂ ಮನುಷ್ಯನನ್ನೂ ಹೊಂದಿಕೊಂಡಿರುತ್ತದೆ. ಹಾಗೆಯೇ ಮೂರನೆಯ ಮತ್ತು ಏಳನೆಯ ಸ್ವರಗಳು ಪಿಯಾನೋವಿನ ಎರಡು ಮನೆಗಳ ನಡುವೆ ಎಲ್ಲಿಯೋ ತೂಗುತ್ತಿರುತ್ತವೆ. ತೋಡಿಯ ಗಾಂಧಾರವನ್ನು ಹಾರ್ಮೋನಿಯಮ್ಮಿನ ಮೇಲೆ ಹುಡುಕಿ ಸೋತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಚೇರಿಯಲ್ಲಿ ಕೃತಿಯೂ ಇರುತ್ತದೆ, ಅದರ ಬೆನ್ನಿಗೇ ನೆರವಲೂ ಕಲ್ಪನಾಸ್ವರವೂ ಇರುತ್ತವೆ. ಕಲ್ಪಿತಕ್ಕೂ ಮನೋಧರ್ಮಕ್ಕೂ ನಡುವಣ ಗೆರೆಯನ್ನು ಒಬ್ಬನೇ ವಿದ್ವಾಂಸನು ಒಂದೇ ಸಂಜೆಯಲ್ಲಿ ಹತ್ತು ಸಲ ದಾಟುತ್ತಾನೆ. ಪಶ್ಚಿಮದಲ್ಲಿಯಾದರೋ ಆ ಗೆರೆಯನ್ನು ಎರಡು ಕುಲಗಳ ನಡುವೆ ಎಳೆದುಬಿಟ್ಟರು.

ಆದುದರಿಂದ ಕೇಳಬೇಕಾದ ಪ್ರಶ್ನೆ ಇದು: ಕೃತಿಯು ವಾಸವಾಗಿರುವುದು ಎಲ್ಲಿ? ಕಾಗದದಲ್ಲಿ ವಾಸವಾಗಿದ್ದರೆ ನುಡಿಸುವವರು ಬದಲಾದರೂ ಅದು ಅದೇ ಕೃತಿ. ನುಡಿಸುವವನಲ್ಲಿ ವಾಸವಾಗಿದ್ದರೆ ಅವನು ಹೋದೊಡನೆ ಅದು ಬೇರೆಯಾಗುತ್ತದೆ. ಜಾರ್ಜ್ ಗರ್ಷ್ವಿನ್ನನ 'ರ್‍ಯಾಪ್ಸೊಡಿ ಇನ್ ಬ್ಲೂ' 1924ನೆಯ ಇಸವಿ ಫೆಬ್ರವರಿ 12ರಂದು ನ್ಯೂಯಾರ್ಕಿನಲ್ಲಿ ಮೊದಲು ಕೇಳಿಬಂದಾಗ, ಪಿಯಾನೋವಿನ ಕೆಲವು ಭಾಗಗಳನ್ನು ಬರೆದೇ ಇರಲಿಲ್ಲ. ಗರ್ಷ್ವಿನ್ನನು ತಲೆಯಾಡಿಸುವವರೆಗೆ ಮೇಳವು ಕಾಯಬೇಕಾಗಿತ್ತು. ಈಗ ಅದನ್ನು ಅಕ್ಷರಶಃ ಬರೆದಂತೆ ನುಡಿಸುತ್ತಾರೆ. ಒಂದೇ ಕೃತಿಯು ವಾಸಸ್ಥಾನವನ್ನು ಬದಲಾಯಿಸಿತು!

ಡ್ಯೂಕ್ ಎಲಿಂಗ್ಟನ್ನನ ಸಂಗತಿಯು ಇದಕ್ಕಿಂತ ಜಟಿಲವಾದದ್ದು. ಅವನು ಬರೆಯುತ್ತಿದ್ದನು, ಬಹಳ ಬರೆಯುತ್ತಿದ್ದನು. ಆದರೆ ಬರೆದದ್ದು 'ಟ್ರಂಪೆಟ್ಟಿಗೆ' ಎಂದಲ್ಲ, ಕೂಟಿ ವಿಲಿಯಮ್ಸನಿಗೆ ಎಂದು. 1940ರ 'ಕನ್ಚೆರ್ಟೋ ಫಾರ್ ಕೂಟಿ' ಹೆಸರಿನಿಂದಲೇ ಹಾಗಿದೆ. ಅದೇ ವರ್ಷ ಕೂಟಿಯು ಮೇಳವನ್ನು ಬಿಟ್ಟನು. ಲಿಪಿಯು ಉಳಿಯಿತು, ಯಾವ ಧ್ವನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದನೋ ಆ ಧ್ವನಿ ಹೊರಟುಹೋಯಿತು. 1943ನೆಯ ಇಸವಿ ಜನವರಿ 23ರಂದು ಕಾರ್ನೆಗೀ ಸಭಾಂಗಣದಲ್ಲಿ ಅವನು ತನ್ನ ಜನರ ಚರಿತ್ರೆಯನ್ನು ಕುರಿತು 'ಬ್ಲಾಕ್, ಬ್ರೌನ್ ಅಂಡ್ ಬೇಜ್' ಎಂಬ ಮುಕ್ಕಾಲು ಗಂಟೆಯ ಕೃತಿಯನ್ನು ನುಡಿಸಿದನು. ಶಾಸ್ತ್ರೀಯ ಸಂಗೀತದ ಕಡೆಯಿಂದ ವಿಮರ್ಶಕ ಪಾಲ್ ಬೌಲ್ಸನು ಇದಕ್ಕೆ ರೂಪವೇ ಇಲ್ಲವೆಂದನು; ಜಾಝಿನ ಕಡೆಯಿಂದ ಜಾನ್ ಹ್ಯಾಮಂಡನು ಡ್ಯೂಕನು ಜಾಝನ್ನು ತೊರೆಯುತ್ತಿದ್ದಾನೆಯೆ ಎಂದು ಕೇಳಿದನು. ಗಡಿಯಲ್ಲಿ ಮನೆ ಕಟ್ಟಿದವನಿಗೆ ಎರಡು ಊರಿನವರೂ ಕಂದಾಯ ಕೇಳಿದಂತೆ ಆಯಿತು. ಮುಂದೆ ಅವನು ಅದರ ಬಿಡಿಭಾಗಗಳನ್ನೇ ಹೆಚ್ಚಾಗಿ ನುಡಿಸಿದನು.

ಇದು ಪಂಡಿತರ ಚರ್ಚೆ ಮಾತ್ರವಾಗಿದ್ದರೆ ತಮ್ಮ ಹೊತ್ತನ್ನು ನಾನು ತೆಗೆದುಕೊಳ್ಳುತ್ತಿರಲಿಲ್ಲ. ಅಮೆರಿಕೆಯಲ್ಲಿ ಸಂಗೀತರಚನೆಗೆ ಕೊಡುವ ಪುಲಿಟ್ಸರ್ ಬಹುಮಾನವುಂಟಷ್ಟೆ. 1965ರಲ್ಲಿ ತೀರ್ಪುಗಾರರು, ಎಲಿಂಗ್ಟನ್ನನಿಗೆ ಅವನ ಜೀವಮಾನದ ಸಾಧನೆಗಾಗಿ ವಿಶೇಷ ಗೌರವವನ್ನು ಸಲ್ಲಿಸಬೇಕೆಂದು ಶಿಫಾರಸು ಮಾಡಿದರು. ಮೇಲಿನ ಮಂಡಲಿಯು ಒಪ್ಪಲಿಲ್ಲ. ಆ ವರ್ಷ ಸಂಗೀತದ ಬಹುಮಾನವನ್ನು ಯಾರಿಗೂ ಕೊಡಲಿಲ್ಲ. ಮೂವರು ತೀರ್ಪುಗಾರರಲ್ಲಿ ಇಬ್ಬರು ರಾಜೀನಾಮೆಯಿತ್ತರು. ಅರುವತ್ತಾರು ವಯಸ್ಸಿನ ಎಲಿಂಗ್ಟನ್ನನು, ಚಿಕ್ಕ ವಯಸ್ಸಿನಲ್ಲಿಯೇ ನನಗೆ ಅತಿಯಾದ ಕೀರ್ತಿ ಬರುವುದು ವಿಧಿಗೆ ಇಷ್ಟವಿಲ್ಲವೆಂದು ನಗೆಯಾಡಿದನು. ಆ ನಗೆಯಲ್ಲಿ ನೋವಿರಲಿಲ್ಲವೆಂದು ನನಗೆ ತೋರುವುದಿಲ್ಲ. ಸಂಗೀತದ ಎಲ್ಲೆಯೆಂದು ಹೇಳುತ್ತಿದ್ದುದರಲ್ಲಿ ಬಣ್ಣದ ಎಲ್ಲೆಯೂ ಕೂಡಿಕೊಂಡಿತ್ತೆಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವನ ಕಾಗದಗಳಿಗೇನೂ ಕೊರತೆಯಿರಲಿಲ್ಲವಷ್ಟೆ.

1974ರಲ್ಲಿ ಎಲಿಂಗ್ಟನ್ನನು ತೀರಿಕೊಂಡನು. 1997ರಲ್ಲಿ ವಿಂಟನ್ ಮಾರ್ಸಾಲಿಸನ 'ಬ್ಲಡ್ ಆನ್ ದ ಫೀಲ್ಡ್ಸ್' ಆ ಬಹುಮಾನವನ್ನು ಪಡೆದ ಮೊದಲ ಜಾಝ್ ಕೃತಿಯಾಯಿತು. 1999ರಲ್ಲಿ, ಎಲಿಂಗ್ಟನ್ನನ ಜನ್ಮಶತಾಬ್ದಿಯ ವರ್ಷದಲ್ಲಿ, ತಡೆದಿದ್ದ ಗೌರವವನ್ನು ಮರಣೋತ್ತರವಾಗಿ ಸಲ್ಲಿಸಿದರು. ನನಗೆ ಇವೆರಡಕ್ಕಿಂತಲೂ ಮುಖ್ಯವಾಗಿ ತೋರುವುದು 2004ರಲ್ಲಿ ನಿಯಮಗಳಲ್ಲಿ ಮಾಡಿದ ಬದಲಾವಣೆ. ಬಹುಮಾನವನ್ನು ಬಯಸುವವರು ಸ್ವರಲಿಪಿಯನ್ನು ಒಪ್ಪಿಸಲೇಬೇಕೆಂಬ ಕಟ್ಟಳೆಯನ್ನು ಆಗ ತೆಗೆದುಹಾಕಿ, ಧ್ವನಿಮುದ್ರಿಕೆಯೇ ಸಾಕೆಂದರು. 2007ರಲ್ಲಿ ಬಹುಮಾನ ಬಂದದ್ದು ಆರ್ನೆಟ್ ಕೋಲ್ಮನ್ನನ 'ಸೌಂಡ್ ಗ್ರಾಮರ್' ಎಂಬ ಧ್ವನಿಮುದ್ರಿಕೆಗೆ. ಅದು ಅವನ ಮೇಳವು ಸಭೆಯ ಮುಂದೆ, ಅಂದಿನ ಮನೋಧರ್ಮದಂತೆ ನುಡಿಸಿದ ಸಂಗೀತ.